ಕೆಂಪು ಬಾಲ, ಕೆಂಪು ಕೋಟು: ಚಾರ್ಲ್ಸ್ ಮೆಕ್‌ಗೀ ಬಗ್ಗೆ ಆಡಿದ ಒಂದಿಷ್ಟು ಮಾತು

ನಮ್ಮ ತಾಲ್ಲೂಕಿನ ಮಾಜಿ ಸೈನಿಕರು ತಿಂಗಳಿಗೊಮ್ಮೆ ಸೇರುವ ಸಭೆಯಲ್ಲಿ ಆಡಿದ ಮಾತು ಇದು. ಅಂದು ಬರಲಾಗದ ಕೆಲವರು ಕೇಳಿದರು, ಅದಕ್ಕೇ ಬರೆದಿದ್ದೇನೆ. ಅಲ್ಲಲ್ಲಿ ತಿದ್ದಿದ್ದೇನೆ, ಆದರೆ ಧಾಟಿ ಮಾತಿನದೇ. ನಡುನಡುವೆ ದಾರಿ ತಪ್ಪಿದ್ದೂ ಹಾಗೇ ಇದೆ.

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಇದೇ ಹಾಲ್‌ನಲ್ಲಿ ಟೀ ಕುಡಿಯುವಾಗ ಒಬ್ಬರು ಕೇಳಿದರು. "ಪಿಂಚಣಿ ಬರುತ್ತೆ, ಕ್ಯಾಂಟೀನ್ ಕಾರ್ಡ್ ಇದೆ, ಇನ್ನು ಈ ಸಂಘ, ಸಭೆ, ನಡಾವಳಿ ಪುಸ್ತಕ ಎಲ್ಲ ಯಾಕೆ ಸ್ವಾಮಿ?" ನನಗೆ ಆಗ ಉತ್ತರ ಹೊಳೆಯಲಿಲ್ಲ. ರಾತ್ರಿ ಮಲಗಿದ ಮೇಲೆ ನೆನಪಾದವರು ಚಾರ್ಲ್ಸ್ ಮೆಕ್‌ಗೀ. ಅಮೆರಿಕದವರು. ಕಪ್ಪು ಜನಾಂಗದವರು. ಮೂರು ಯುದ್ಧಗಳಲ್ಲಿ 409 ಸಲ ಶತ್ರುವಿನ ಮೇಲೆ ಹಾರಿ ಬಂದವರು. 2022ರ ಜನವರಿಯಲ್ಲಿ, 102ನೇ ವಯಸ್ಸಿನಲ್ಲಿ ತೀರಿಕೊಂಡರು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ವಾಯುಪಡೆಯಲ್ಲಿ ಇದ್ದವನೇ, ಆದರೆ ಹಾರಿದವನಲ್ಲ. ಏರ್‌ಫ್ರೇಮ್ ಫಿಟ್ಟರ್. ವಿಮಾನದ ಹೊಟ್ಟೆ ಕೆಳಗೆ ಮಲಗಿ ರಿವೆಟ್ ನೋಡಿದವನು. ಹಾಗಾಗಿ ಪೈಲಟ್‌ಗಳ ಕಥೆ ಕೇಳಿದಾಗಲೆಲ್ಲ ನನಗೆ ಒಂದು ಸಣ್ಣ ಹೊಟ್ಟೆಕಿಚ್ಚು ಇದ್ದೇ ಇರುತ್ತದೆ. ಅದನ್ನು ನೀವೇ ಸರಿಮಾಡಿಕೊಂಡು ಕೇಳಿ.

ಮೆಕ್‌ಗೀ ಹುಟ್ಟಿದ್ದು 1919ರ ಡಿಸೆಂಬರ್ 7ರಂದು, ಓಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್‌ನಲ್ಲಿ. ತಂಗಿ ಹುಟ್ಟಿದ ಸ್ವಲ್ಪ ದಿನಕ್ಕೇ ತಾಯಿ ಹೋದರು. ತಂದೆ ಪಾದ್ರಿ, ಮೇಷ್ಟ್ರು, ಸಮಾಜ ಸೇವಕರು, ಸೈನ್ಯದಲ್ಲೂ ಪಾದ್ರಿಯಾಗಿದ್ದವರು. ವರ್ಗಾವಣೆ ಆಗುವ ಮನೆಯ ಮಕ್ಕಳ ಪಾಡು ನಿಮಗೆಲ್ಲ ಗೊತ್ತಲ್ವಾ, ಊರೂರು ಸುತ್ತಿದರು. ಹೈಸ್ಕೂಲ್ ಮುಗಿದದ್ದು 1938ರಲ್ಲಿ, ಶಿಕಾಗೋದಲ್ಲಿ. ಕಾಲೇಜಿಗೆ ದುಡ್ಡಿರಲಿಲ್ಲ. ನಿರುದ್ಯೋಗಿ ಹುಡುಗರಿಗಾಗಿ ಆಗ ಸರ್ಕಾರ ನಡೆಸುತ್ತಿದ್ದ ಕೂಲಿ ಕೆಲಸದ ಶಿಬಿರದಲ್ಲಿ ದುಡಿದು, ಆಮೇಲೆ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಸೇರಿದರು. 1941ರ ಡಿಸೆಂಬರ್ 7ಕ್ಕೆ ಅವರಿಗೆ ಇಪ್ಪತ್ತೆರಡು ತುಂಬಿತು. ಅದೇ ದಿನ ಜಪಾನ್ ಪರ್ಲ್ ಹಾರ್ಬರ್ ಮೇಲೆ ಬಾಂಬ್ ಹಾಕಿತು.

ಈಗ ಸ್ವಲ್ಪ ಹಿಂದಕ್ಕೆ ಹೋಗಬೇಕು. ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

1925ರಲ್ಲಿ ಅಮೆರಿಕದ ಸೈನ್ಯದ ವಾರ್ ಕಾಲೇಜು ಒಂದು ವರದಿ ತಯಾರಿಸಿತ್ತು. ಕಪ್ಪು ಜನರಿಗೆ ಬುದ್ಧಿ ಕಡಿಮೆ, ಧೈರ್ಯ ಕಡಿಮೆ, ಅವರನ್ನು ಮುಂದೆ ನಿಂತು ನಡೆಸುವ ಕೆಲಸಕ್ಕೆ ಹಾಕಬಾರದು ಅಂತ ಅದರ ಸಾರ. ಇದು ಯಾರೋ ಜಗಲಿ ಮೇಲೆ ಕೂತು ಆಡಿದ ಮಾತಲ್ಲ, ಸರ್ಕಾರಿ ಕಾಗದ. ಕಾಗದದಲ್ಲಿ ಒಮ್ಮೆ ಬಂದದ್ದನ್ನು ಅಳಿಸುವುದು ಎಷ್ಟು ಕಷ್ಟ ಅಂತ ತಾಲ್ಲೂಕು ಕಚೇರಿಗೆ ಪಹಣಿ ತಿದ್ದಿಸಲು ಹೋದವರನ್ನು ಕೇಳಿ. ಆ ವರದಿಯ ನೆರಳಿನಲ್ಲಿ ಹದಿನಾರು ವರ್ಷ ಅಮೆರಿಕದ ಸೈನ್ಯ ಒಬ್ಬೇ ಒಬ್ಬ ಕಪ್ಪು ಪೈಲಟನ್ನು ತಯಾರು ಮಾಡಲಿಲ್ಲ.

1941ರಲ್ಲಿ ಒತ್ತಡ ಜಾಸ್ತಿಯಾಗಿ, ಕೊನೆಗೆ ಅಲಬಾಮಾದ ಟಸ್ಕೀಗಿ ಎಂಬಲ್ಲಿ ಕಪ್ಪು ಹುಡುಗರಿಗೆ ಬೇರೆಯದೇ ತರಬೇತಿ ಶುರುಮಾಡಿದರು. ಬೇರೆ ಅನ್ನುವುದನ್ನು ಗಮನಿಸಿ. ಬೇರೆ ಹಾಸ್ಟೆಲು, ಬೇರೆ ರನ್‌ವೇ, ಬೇರೆ ಊಟದ ಮನೆ. ಆ ವರ್ಷ ಮಾರ್ಚಿಯಲ್ಲಿ ಅಧ್ಯಕ್ಷರ ಪತ್ನಿ ಎಲಿನೋರ್ ರೂಸ್‌ವೆಲ್ಟ್ ಅಲ್ಲಿಗೆ ಹೋದಾಗ, ಅಲ್ಲಿನ ಮುಖ್ಯ ತರಬೇತುದಾರ ಆಲ್ಫ್ರೆಡ್ ಆಂಡರ್ಸನ್ ಓಡಿಸಿದ ಪುಟ್ಟ ವಿಮಾನದಲ್ಲಿ ಒಂದು ಸುತ್ತು ಹಾರಿ ಬಂದರು. ಆ ಫೋಟೋ ಅಮೆರಿಕದ ತುಂಬ ಓಡಾಡಿತು. ಮೊದಲ ತಂಡದಲ್ಲಿ ಸೇರಿದವರು 13 ಜನ, 1942ರ ಮಾರ್ಚಿಯಲ್ಲಿ ಪೈಲಟ್ ಆದ ಗುರುತಿನ ರೆಕ್ಕೆ ಬಿಲ್ಲೆ ಚುಚ್ಚಿಸಿಕೊಂಡವರು 5 ಜನ. ಆ ಐವರಲ್ಲಿ ಬೆಂಜಮಿನ್ ಡೇವಿಸ್ ಒಬ್ಬರು. ಆಮೇಲೆ ಇವರೇ ಮೆಕ್‌ಗೀಯವರ ಕಮಾಂಡರ್ ಆದದ್ದು. ಈ ಡೇವಿಸ್ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯಲ್ಲಿ ಓದಿದ ನಾಲ್ಕು ವರ್ಷ, ಕೆಲಸದ ಮಾತು ಬಿಟ್ಟರೆ ಬೇರೆ ಯಾವ ಕೆಡೆಟ್ಟೂ ಅವರನ್ನು ಮಾತಾಡಿಸಲಿಲ್ಲ. ಒಂದೇ ಬ್ಯಾರಕ್ಕು, ಒಂದೇ ಮೆಸ್ಸು, ನಾಲ್ಕು ವರ್ಷ ಮೌನ.

ಮೆಕ್‌ಗೀಗೆ 1942ರ ಅಕ್ಟೋಬರ್‌ನಲ್ಲಿ ಮದುವೆ ಆಯಿತು. ಹುಡುಗಿ ಫ್ರಾನ್ಸೆಸ್. ಮದುವೆ ಆಗಿ ಹತ್ತು ದಿನ ಕಳೆಯುವುದರೊಳಗೆ ಸೈನ್ಯದಲ್ಲಿ ಪ್ರತಿಜ್ಞೆ ತೆಗೆದುಕೊಂಡರು. ಟಸ್ಕೀಗಿಗೆ ಹೊರಟ ರೈಲು ದಕ್ಷಿಣ ಇಲಿನಾಯ್ ದಾಟುವಾಗ ಕೂತ ಜಾಗ ಬಿಟ್ಟು ಕಪ್ಪು ಜನರ ಡಬ್ಬಿಗೆ ಹೋಗಬೇಕಾಯಿತು. ದೇಶಕ್ಕಾಗಿ ಪ್ರಾಣ ಕೊಡಲು ಹೊರಟ ಹುಡುಗ, ಅವನ ಟಿಕೆಟ್ ಅದೇ, ಅವನೂ ಅದೇ, ಆದರೆ ದಕ್ಷಿಣದ ರಾಜ್ಯಗಳ ಗಡಿ ದಾಟಿದ ಕೂಡಲೇ ಎದ್ದು ಹೋಗಬೇಕು. ನಮ್ಮ ಹಳೇ ಹೋಟೆಲುಗಳ ಹಿಂಬದಿಯಲ್ಲಿ ಬೇರೆ ಲೋಟ ಇಟ್ಟಿದ್ದನ್ನು ನೋಡಿದವರು ಈ ಹಾಲ್‌ನಲ್ಲೂ ಇದ್ದೀರಿ. ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

1943ರ ಜೂನ್ 30ಕ್ಕೆ ಅವರಿಗೆ ರೆಕ್ಕೆ ಬಂತು. 1944ರ ಫೆಬ್ರವರಿಯಲ್ಲಿ ಇಟಲಿ. ಟಸ್ಕೀಗಿ ಪೈಲಟ್‌ಗಳದೇ ಆದ 332ನೇ ಫೈಟರ್ ಗ್ರೂಪಿನ 302ನೇ ಸ್ಕ್ವಾಡ್ರನ್. ಮೊದಮೊದಲು ಕೊಟ್ಟದ್ದು ಪಿ-39 ಎಂಬ ವಿಮಾನ, ಸಮುದ್ರದ ದಂಡೆ ಕಾಯುವ ಕೆಲಸ. ಆಮೇಲೆ ಪಿ-47. ಆ ಬೇಸಿಗೆಯಲ್ಲಿ ಪಿ-51 ಮಸ್ಟಾಂಗ್ ಬಂತು, ಅಲ್ಲಿಂದ ಕಥೆಯೇ ಬದಲಾಯಿತು.

ಮಸ್ಟಾಂಗ್ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲು ನನ್ನಿಂದಾಗದು, ಕ್ಷಮಿಸಿ. ಒಂದೇ ಎಂಜಿನ್ನು, ನೀರು ಹಾಯಿಸಿ ತಂಪು ಮಾಡುವಂಥದ್ದು. ರೆಕ್ಕೆ ಕೆಳಗೆ ಎರಡು ಡ್ರಾಪ್ ಟ್ಯಾಂಕ್, ಅಂದರೆ ಖಾಲಿಯಾದ ಮೇಲೆ ಕಳಚಿ ಬಿಡುವ ಇಂಧನದ ಟ್ಯಾಂಕ್, ಕಟ್ಟಿದರೆ ಐದಾರು ಗಂಟೆ ಹಾರಬಲ್ಲದು. ಅದೇ ಅದರ ಗುಟ್ಟು. ಇಟಲಿಯಿಂದ ಹೊರಟ ದೊಡ್ಡ ಬಾಂಬರ್‌ಗಳ ಜೊತೆ ಜರ್ಮನಿಯವರೆಗೆ ಹೋಗಿ ವಾಪಸ್ ಬರುವ ಅಷ್ಟು ದಮ್ಮು ಬೇರೆ ಹೆಚ್ಚಿನ ಫೈಟರ್‌ಗಳಿಗೆ ಇರಲಿಲ್ಲ. ಬಾಂಬರ್ ನಿಧಾನ, ಫೈಟರ್ ಜೋರು. ಪಕ್ಕದಲ್ಲಿ ನೇರವಾಗಿ ಹಾರಿದರೆ ಮುಂದೆ ಹೋಗಿಬಿಡುತ್ತದೆ. ಹಾಗಾಗಿ ಬಾಂಬರ್‌ಗಳ ಮೇಲೆ ಹಾವಿನ ಹಾಗೆ ಅತ್ತ ಇತ್ತ ಹೊರಳುತ್ತಾ ಹೋಗಬೇಕು. ಐದು ಗಂಟೆ ಹೀಗೆ ಹೊರಳುತ್ತಾ, ಕತ್ತು ತಿರುಗಿಸುತ್ತಾ, ಸೂರ್ಯನ ಕಡೆಯಿಂದ ಯಾರು ಬರುತ್ತಾರೋ ಅಂತ ಕಾಯುತ್ತಾ.

ಯಾವ ಗ್ರೂಪು ಅಂತ ದೂರದಿಂದಲೇ ಗೊತ್ತಾಗಲಿ ಅಂತ ಒಂದೊಂದು ಗ್ರೂಪು ಬಾಲಕ್ಕೆ ಒಂದೊಂದು ಬಣ್ಣ ಹೊಡೆದಿತ್ತು. ಒಂದಕ್ಕೆ ಪಟ್ಟೆ, ಒಂದಕ್ಕೆ ಹಳದಿ, ಒಂದಕ್ಕೆ ಚದುರಂಗದ ಮನೆ. 332ಕ್ಕೆ ಕೆಂಪು. ಅವರ ನೆಲೆ ರಾಮಿತೆಲ್ಲಿ, ಇಟಲಿಯ ಪೂರ್ವ ದಂಡೆಯ ಹತ್ತಿರದ ಬಯಲು. ರನ್‌ವೇ ಅಂದರೆ ಡಾಂಬರು ಅಲ್ಲ, ತೂತು ಕೊರೆದ ಉಕ್ಕಿನ ಹಲಗೆಗಳನ್ನು ಒಂದಕ್ಕೊಂದು ಸಿಕ್ಕಿಸಿ ಹಾಸಿದ್ದು. ಮಳೆ ಬಂದರೆ ಕೆಳಗಿನ ಕೆಸರು ಆ ತೂತುಗಳಿಂದ ಮೇಲಕ್ಕೆ ಚಿಮ್ಮುತ್ತದೆ. ಆ ಕೆಸರು ಒರೆಸಿದವರು ಯಾರು ಅಂತ ಯಾರೂ ಕೇಳುವುದಿಲ್ಲ, ಇರಲಿ.

ಮೆಕ್‌ಗೀ ತಮ್ಮ ವಿಮಾನಕ್ಕೆ 'ಕಿಟನ್' ಅಂತ ಹೆಸರು ಬರೆಸಿದ್ದರು. ಬೆಕ್ಕಿನ ಮರಿ. ಹೆಂಡತಿಯನ್ನು ಮುದ್ದಿಗೆ ಹಾಗೆ ಕರೆಯುತ್ತಿದ್ದರು. ಈ ಹೆಸರಿಗೆ ಇನ್ನೊಂದು ಕಾರಣವೂ ಇದೆ. ನೆನಪಿಟ್ಟುಕೊಂಡು ಕೊನೆಗೆ ಕೇಳಿ, ಹೇಳುತ್ತೇನೆ.

1944ರ ಆಗಸ್ಟ್ 24. ಆಗಿನ ಚೆಕೊಸ್ಲೊವಾಕಿಯಾದ ಪಾರ್ದುಬಿತ್ಸೆ ವಿಮಾನ ನಿಲ್ದಾಣದ ಮೇಲೆ ಬಾಂಬರ್‌ಗಳು ಹೊರಟಿದ್ದವು. ಜರ್ಮನಿಯ ಒಂದು ಫೋಕೆ-ವುಲ್ಫ್ 190 ಎದುರಾಯಿತು. ಮೆಕ್‌ಗೀ ಅದನ್ನು ಹಿಂಬಾಲಿಸಿ ಹೊಡೆದುರುಳಿಸಿದರು. ಇಡೀ ಯುದ್ಧದಲ್ಲಿ ಆಕಾಶದಲ್ಲಿ ಅವರು ಉರುಳಿಸಿದ ವಿಮಾನ ಅದೊಂದೇ.

ಇಲ್ಲಿ ಯಾರಾದರೂ ಕೇಳಬಹುದು, ನೂರ ಮೂವತ್ತಕ್ಕೂ ಜಾಸ್ತಿ ಸಾರ್ಟಿ, ಅಂದರೆ ಯುದ್ಧದ ಹಾರಾಟ, ಹಾರಿ ಒಂದೇ ಒಂದಾ ಅಂತ. ಕೇಳಬೇಕಾದ ಪ್ರಶ್ನೆಯೇ. ಡೇವಿಸ್ ತಮ್ಮ ಪೈಲಟ್‌ಗಳಿಗೆ ಹಾಕಿದ್ದ ಕಟ್ಟುಪಾಡು ಒಂದೇ: ಬಾಂಬರ್‌ಗಳನ್ನು ಬಿಟ್ಟು ಹೋಗಬೇಡಿ. ಶತ್ರುವಿನ ವಿಮಾನ ಬಂದು ಆಸೆ ತೋರಿಸುತ್ತದೆ, ಅದರ ಹಿಂದೆ ಬಿದ್ದರೆ ಎದೆ ಮೇಲೆ ಪದಕ, ಪತ್ರಿಕೆಯಲ್ಲಿ ಫೋಟೋ. ಆದರೆ ಆ ಹೊತ್ತಿಗೆ ಇನ್ನಾಲ್ಕು ಬಂದು ಬಾಂಬರ್ ಮೇಲೆ ಎರಗುತ್ತವೆ. ಒಂದೊಂದು ಬಾಂಬರ್‌ನಲ್ಲಿ ಹತ್ತು ಜನ. ಆಡು ಕಾಯಲು ಹೋದವನು ಮೊಲದ ಹಿಂದೆ ಓಡಬಾರದು. ಆದ್ದರಿಂದ ಈ ಗ್ರೂಪಿನವರ ಕೆಲಸವನ್ನು ಉರುಳಿಸಿದ ವಿಮಾನಗಳ ಲೆಕ್ಕದಲ್ಲಿ ಅಳೆಯುವುದೇ ತಪ್ಪು ಅಂತ ನನ್ನ ಅಭಿಪ್ರಾಯ. ಅವರು ಆಕಾಶದಲ್ಲಿ ಉರುಳಿಸಿದ್ದು 112 ಅಂತ ದಾಖಲೆ ಇದೆ, ಅದೇನು ಕಡಿಮೆಯಲ್ಲ. ಆದರೆ ಅವರನ್ನು ಕಳಿಸಿದ್ದು ಕಾಯುವುದಕ್ಕೆ.

ಟಸ್ಕೀಗಿಯಲ್ಲಿ ಪೈಲಟ್ ಆದವರು ಒಂದು ಸಾವಿರಕ್ಕೆ ಸ್ವಲ್ಪ ಕಡಿಮೆ. ಅದರಲ್ಲಿ ಸಾಗರ ದಾಟಿ ಯುದ್ಧಕ್ಕೆ ಹೋದವರು ಸುಮಾರು 355. ಅರವತ್ತಕ್ಕೂ ಹೆಚ್ಚು ಜನ ವಾಪಸ್ ಬರಲಿಲ್ಲ. ಮೂವತ್ತಕ್ಕೂ ಹೆಚ್ಚು ಜನ ಸೆರೆ ಸಿಕ್ಕರು. ವಾಪಸ್ ಬಂದವರಿಗೆ ಏನು ಸಿಕ್ಕಿತು? ಅಮೆರಿಕದ ಶಿಬಿರಗಳಲ್ಲಿದ್ದ ಜರ್ಮನ್ ಕೈದಿಗಳಿಗೆ ಒಳಗೆ ಕೂರಿಸಿ ಊಟ ಹಾಕುವ ಕೆಲವು ಕಡೆ, ಸಮವಸ್ತ್ರ ತೊಟ್ಟ ಕಪ್ಪು ಸೈನಿಕನಿಗೆ ಬಾಗಿಲು ಮುಚ್ಚಿರುತ್ತಿತ್ತು. ಶತ್ರುವಿಗೆ ಒಳಗೆ ಎಲೆ, ಸ್ವಂತ ಸೈನಿಕನಿಗೆ ಹಿತ್ತಲು. 1945ರ ಏಪ್ರಿಲ್‌ನಲ್ಲಿ ಇಂಡಿಯಾನಾದ ಫ್ರೀಮನ್ ಫೀಲ್ಡ್ ನೆಲೆಯಲ್ಲಿ ಕಪ್ಪು ಅಧಿಕಾರಿಗಳು ಬಿಳಿಯರ ಕ್ಲಬ್ಬಿಗೆ ಸುಮ್ನೆ ನಡೆದುಕೊಂಡು ಹೋದರು, ಗಲಾಟೆ ಇಲ್ಲ, ಕೂಗಾಟ ಇಲ್ಲ. ಅದಕ್ಕೆ ಬಂಧನ. ಈ ಬೇರೆ ಬೇರೆ ವ್ಯವಸ್ಥೆಯನ್ನು ಒಪ್ಪಿದ್ದೇವೆ ಅಂತ ಸಹಿ ಹಾಕಿ ಎಂದಾಗ 101 ಜನ ಹಾಕಲಿಲ್ಲ. ಅವರ ಸೇವಾ ಪುಸ್ತಕದಲ್ಲಿ ಬಿದ್ದ ಕಪ್ಪು ಗೆರೆ ಅಳಿಸಲು ಸರ್ಕಾರ ಶುರುಮಾಡಿದ್ದು 1995ರಲ್ಲಿ. ಐವತ್ತು ವರ್ಷ!

ಇಲ್ಲಿ ಒಂದು ಸಣ್ಣ ಸುತ್ತು. ಇದೆಲ್ಲ ನಮಗೆ ದೂರದ ಕಥೆ ಅನ್ನಿಸಬಹುದು. ಅಷ್ಟು ದೂರವೇನಲ್ಲ. ನಮ್ಮ ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆ 1943ರ ಹೊತ್ತಿಗೆ ಇದೇ ಅಮೆರಿಕದ ಸೈನ್ಯದ ವಾಯುಪಡೆಯ ಕೈಯಲ್ಲಿತ್ತು. ಪೂರ್ವದ ಯುದ್ಧಕ್ಕೆ ಹೋಗಿ ಬಂದ ಅವರ ವಿಮಾನಗಳ ರಿಪೇರಿ ಅಲ್ಲೇ ನಡೆಯುತ್ತಿತ್ತು, ನಮ್ಮ ಜನರ ಕೈಯಲ್ಲಿ. ಇನ್ನು ಅಸ್ಸಾಮಿನ ಲೀಡೋದಿಂದ ಬರ್ಮಾ ಕಾಡಿನ ಒಳಗೆ ರಸ್ತೆ ಕಡಿದ ಅಮೆರಿಕದ ಸೈನಿಕರಲ್ಲಿ ಅರ್ಧಕ್ಕಿಂತ ಜಾಸ್ತಿ ಕಪ್ಪು ಜನ. ಮಲೇರಿಯಾ, ಮಳೆ, ಜಿಗಣೆ. ಅವರಿಗೆ ಕೆಂಪು ಬಾಲವೂ ಇರಲಿಲ್ಲ, ಫೋಟೋವೂ ಇರಲಿಲ್ಲ.

ಸರಿ, ಮೆಕ್‌ಗೀಗೆ ಬರೋಣ. 1944ರ ಕೊನೆಗೆ ಅವರನ್ನು ವಾಪಸ್ ಕರೆಸಿ ಟಸ್ಕೀಗಿಯಲ್ಲೇ ಬಾಂಬರ್ ಕಲಿಸಲು ಹಾಕಿದರು. ಯುದ್ಧ ಮುಗಿದ ಮೇಲೆ ಬಿಳಿ ಪೈಲಟ್‌ಗಳು ಸಾಲಾಗಿ ಏರ್‌ಲೈನ್ಸ್ ಸೇರಿದರು, ಇವರಿಗೆ ಆ ಬಾಗಿಲು ಇರಲಿಲ್ಲ. ದೊಡ್ಡ ಏರ್‌ಲೈನ್ಸ್‌ಗಳು ಕಪ್ಪು ಪೈಲಟ್‌ಗಳನ್ನು ತೆಗೆದುಕೊಳ್ಳಲು ಶುರುಮಾಡಿದ್ದು 1963ರಲ್ಲಿ ಮಾರ್ಲನ್ ಗ್ರೀನ್ ಎಂಬ ಪೈಲಟ್ ಸುಪ್ರೀಂ ಕೋರ್ಟಿನಲ್ಲಿ ಗೆದ್ದ ಮೇಲೆ. ಮೆಕ್‌ಗೀ ವಾಯುಪಡೆಯಲ್ಲೇ ಉಳಿದರು. 1948ರ ಜುಲೈ 26ಕ್ಕೆ ಅಧ್ಯಕ್ಷ ಟ್ರೂಮನ್ ಸೈನ್ಯದಲ್ಲಿ ಬೇರೆ ಬೇರೆ ಇಡುವುದು ಬೇಡ ಅಂತ ಆದೇಶ ಹೊರಡಿಸಿದರು. ಕೊರಿಯಾ ಯುದ್ಧದಲ್ಲಿ ಮೆಕ್‌ಗೀ ಮತ್ತೆ ಮಸ್ಟಾಂಗ್ ಹತ್ತಿ ಸರಿಯಾಗಿ 100 ಸಾರ್ಟಿ ಹಾರಿದರು. ಆಮೇಲೆ ಫಿಲಿಪ್ಪೀನ್ಸ್‌ನಲ್ಲಿ ಒಂದು ಸ್ಕ್ವಾಡ್ರನ್ನಿಗೇ ಕಮಾಂಡರ್ ಆದರು, ಅದರಲ್ಲಿ ಎಲ್ಲ ಬಣ್ಣದವರೂ ಇದ್ದರು. ವಿಯೆಟ್ನಾಂ ಹೊತ್ತಿಗೆ ಅವರಿಗೆ ನಲವತ್ತೇಳು ನಲವತ್ತೆಂಟು. ಅಲ್ಲಿ ಹಾರಿಸಿದ್ದು ಆರ್‌ಎಫ್-4 ಎಂಬ ಫ್ಯಾಂಟಮ್. ಅದರಲ್ಲಿ ಬಂದೂಕಿಲ್ಲ, ಬಾಂಬಿಲ್ಲ, ಇರುವುದು ಕ್ಯಾಮೆರಾ ಮಾತ್ರ. ಶತ್ರುವಿನ ತಲೆ ಮೇಲೆ ಹಾರಿ ಫೋಟೋ ತೆಗೆದು ಓಡಿ ಬರಬೇಕು, ಗುಂಡು ಬಂದರೆ ತಿರುಗಿಸಿ ಹೊಡೆಯಲು ಏನೂ ಇಲ್ಲ. ಹೀಗೆ ನೂರ ಎಪ್ಪತ್ತಕ್ಕೂ ಜಾಸ್ತಿ ಸಲ. ಒಟ್ಟು 409.

ಪದಕಗಳ ಪಟ್ಟಿ ಓದುತ್ತಾ ಕೂರುವುದಿಲ್ಲ. ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಮೂರು ಸಲ, ಲೀಜನ್ ಆಫ್ ಮೆರಿಟ್, ಬ್ರಾಂಜ್ ಸ್ಟಾರ್, ಏರ್ ಮೆಡಲ್ ಇಪ್ಪತ್ತಾರು ಸಲ. ನಮ್ಮಲ್ಲಿ ಎರಡನೇ ಸಲ ಅದೇ ಪದಕ ಬಂದರೆ ಬಾರ್ ಅನ್ನುತ್ತೇವಲ್ಲ, ಅವರಲ್ಲಿ ರಿಬ್ಬನ್ ಮೇಲೆ ಒಂದು ಪುಟ್ಟ ಓಕ್ ಎಲೆ ಚುಚ್ಚುತ್ತಾರೆ. 1973ರ ಜನವರಿ 31ಕ್ಕೆ ಕರ್ನಲ್ ಆಗಿ ನಿವೃತ್ತಿ. ಆರು ಸಾವಿರಕ್ಕೂ ಹೆಚ್ಚು ಗಂಟೆ ಹಾರಾಟ.

ಸಾಮಾನ್ಯವಾಗಿ ಇಂಥವರ ಕಥೆ ಇಲ್ಲಿಗೆ ಮುಗಿಯುತ್ತದೆ. ಆಮೇಲಿನದನ್ನು 'ನಿವೃತ್ತಿ ಜೀವನವನ್ನು ಶಾಂತವಾಗಿ ಕಳೆದರು' ಅಂತ ಒಂದು ಸಾಲಿನಲ್ಲಿ ಬರೆದು ಮುಗಿಸುತ್ತಾರೆ. ನಾನು ಹೇಳಲು ಬಂದದ್ದು ಮಾತ್ರ ಇಲ್ಲಿಂದ ಶುರು. ಲೆಕ್ಕ ಹಾಕಿ ನೋಡಿ. ಸಮವಸ್ತ್ರದಲ್ಲಿ ಇದ್ದದ್ದು ಮೂವತ್ತು ವರ್ಷ. ಆಮೇಲೆ ಬದುಕಿದ್ದು ನಲವತ್ತೊಂಬತ್ತು ವರ್ಷ.

ಮೊದಲು ಅವರು ಮಾಡಿದ್ದು ಅರ್ಧಕ್ಕೆ ಬಿಟ್ಟ ಓದನ್ನು ಮುಗಿಸಿದ್ದು. ಯುದ್ಧಕ್ಕಾಗಿ ಬಿಟ್ಟ ಡಿಗ್ರಿಯನ್ನು 1978ರಲ್ಲಿ, ಐವತ್ತೆಂಟನೇ ವಯಸ್ಸಿನಲ್ಲಿ, ಮಿಸೌರಿಯ ಕೊಲಂಬಿಯಾ ಕಾಲೇಜಿನಿಂದ ತೆಗೆದುಕೊಂಡರು. ಕರ್ನಲ್ ಆಗಿದ್ದವರು ಹುಡುಗರ ಜೊತೆ ಪರೀಕ್ಷೆಗೆ ಕೂತರು ಅಂತ ಕಲ್ಪಿಸಿಕೊಂಡರೇ ನನಗೆ ನಗು, ಗೌರವ ಎರಡೂ ಬರುತ್ತವೆ. ಕಾನ್ಸಸ್ ಸಿಟಿಯ ವಿಮಾನ ನಿಲ್ದಾಣದ ಆಡಳಿತವನ್ನೂ ಸ್ವಲ್ಪ ಕಾಲ ನೋಡಿಕೊಂಡರು.

ಇನ್ನೊಂದು ಕೆಲಸ ನಿವೃತ್ತಿಗೆ ಮುಂಚೆಯೇ ಶುರುವಾಗಿತ್ತು. 1972ರಲ್ಲಿ ಡೆಟ್ರಾಯಿಟ್‌ನಲ್ಲಿ ಟಸ್ಕೀಗಿಯ ಹಳಬರು ಸೇರಿ ಒಂದು ಸಂಘ ಕಟ್ಟಿದರು, ಹೆಸರು ಟಸ್ಕೀಗಿ ಏರ್‌ಮೆನ್. ಕಟ್ಟಿದವರಲ್ಲಿ ಮೆಕ್‌ಗೀ ಒಬ್ಬರು, 1983ರಿಂದ 1985ರವರೆಗೆ ರಾಷ್ಟ್ರೀಯ ಅಧ್ಯಕ್ಷರು. ಸಂಘ ಕಟ್ಟುವ ಹೊತ್ತಿಗೆ ಯುದ್ಧ ಮುಗಿದು ಇಪ್ಪತ್ತೇಳು ವರ್ಷ ಆಗಿತ್ತು. ಇವರ ಸುದ್ದಿ ಶಾಲೆಯ ಪಾಠಗಳಲ್ಲಿ ಇರಲಿಲ್ಲ. ಅವರ ಸ್ವಂತ ಮಕ್ಕಳಿಗೇ ಸರಿಯಾಗಿ ಗೊತ್ತಿಲ್ಲದ ಮನೆಗಳಿದ್ದವು.

ಸಂಘದ ಕೆಲಸ ಅಂದರೆ ಏನು? ನಮ್ಮದೇ ಕೆಲಸ. ಯಾರು ಎಲ್ಲಿದ್ದಾರೆ ಅಂತ ಹುಡುಕುವುದು, ಪಟ್ಟಿ ಮಾಡುವುದು, ಊರೂರಲ್ಲಿ ಶಾಖೆ ತೆರೆಯುವುದು, ವರ್ಷಕ್ಕೊಮ್ಮೆ ಸಮ್ಮೇಳನ, ಓದುವ ಮಕ್ಕಳಿಗೆ ಸ್ಕಾಲರ್‌ಶಿಪ್, ಶಾಲೆಗೆ ಹೋಗಿ ಮಾತು. ಇದರಲ್ಲಿ ವೀರಾವೇಶ ಏನೂ ಇಲ್ಲ, ಅಂಚೆ ಚೀಟಿ ಅಂಟಿಸುವ ಕೆಲಸವೇ ಜಾಸ್ತಿ. ಆದರೆ ಒಂದು ತೀರ್ಮಾನ ಮಾತ್ರ ನನಗೆ ತುಂಬ ದೊಡ್ಡದು ಅನ್ನಿಸುತ್ತದೆ. ಟಸ್ಕೀಗಿಯವರು ಅಂದರೆ ಪೈಲಟ್‌ಗಳು ಮಾತ್ರ ಅಂತ ಅವರು ಇಟ್ಟುಕೊಳ್ಳಲಿಲ್ಲ. ಮೆಕ್ಯಾನಿಕ್, ಬಂದೂಕು ಬಾಂಬು ನೋಡಿಕೊಳ್ಳುವ ಆರ್ಮರರ್, ಪ್ಯಾರಾಚೂಟ್ ಮಡಿಸುವವರು, ನರ್ಸ್, ಅಡುಗೆಯವರು, ಗುಮಾಸ್ತರು ಎಲ್ಲರೂ ಸೇರಿದರು. ಒಟ್ಟು ಸುಮಾರು 14,000 ಜನ ಅಂತ ಅಂದಾಜು. ಒಬ್ಬ ಪೈಲಟ್ ಆಕಾಶದಲ್ಲಿ ಇರಬೇಕಾದರೆ ನೆಲದ ಮೇಲೆ ಹತ್ತು ಹದಿನೈದು ಜನ ಬೇಕು. ಫಿಟ್ಟರ್‌ಗೂ ಅದೇ ಕೆಂಪು ಕೋಟು. ಹೌದು, ಆ ಕೋಟು! ಹಳೇ ಟಸ್ಕೀಗಿಯವರು ಎಲ್ಲೇ ಸೇರಿದರೂ ಕೆಂಪು ಬ್ಲೇಜರ್ ಹಾಕುತ್ತಾರೆ. ವಿಮಾನದ ಬಾಲದ ಬಣ್ಣ ಮೈಮೇಲೆ ಬಂತು.

ಇಷ್ಟೆಲ್ಲ ಯಾಕೆ ಬೇಕಿತ್ತು ಅನ್ನುವುದಕ್ಕೆ ಒಂದು ಕಥೆ ಇದೆ. ಇದು ನನ್ನ ಮೆಚ್ಚಿನ ಕಥೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

1949ರ ಮೇ ತಿಂಗಳಲ್ಲಿ ಅಮೆರಿಕದ ವಾಯುಪಡೆ ಲಾಸ್ ವೇಗಸ್‌ನಲ್ಲಿ ಗುರಿ ಹೊಡೆಯುವ ಸ್ಪರ್ಧೆ ಇಟ್ಟಿತು. ಅಂಥದ್ದು ಅದೇ ಮೊದಲು. ಎಲ್ಲ ಫೈಟರ್ ಗ್ರೂಪುಗಳಿಂದ ತಂಡಗಳು ಬಂದವು. 332ರಿಂದ ಆಲ್ವಾ ಟೆಂಪಲ್, ಹ್ಯಾರಿ ಸ್ಟೂವರ್ಟ್, ಜೇಮ್ಸ್ ಹಾರ್ವೆ ಹೋದರು, ಹಳೇ ಪ್ರೊಪೆಲ್ಲರ್ ವಿಮಾನಗಳಲ್ಲಿ. ಪ್ರೊಪೆಲ್ಲರ್ ವಿಭಾಗದಲ್ಲಿ ಅವರೇ ಗೆದ್ದರು. ದೊಡ್ಡ ಬೆಳ್ಳಿ ಟ್ರೋಫಿ, ಫೋಟೋ, ಚಪ್ಪಾಳೆ. ಅಷ್ಟೇ. ಆಮೇಲೆ ಟ್ರೋಫಿ ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ. ವಾಯುಪಡೆಗೆ ಸಂಬಂಧಿಸಿದ ವಾರ್ಷಿಕ ಕೈಪಿಡಿಯಲ್ಲಿ ಪ್ರತಿ ವರ್ಷದ ಗೆದ್ದವರ ಪಟ್ಟಿ ಬರುತ್ತಿತ್ತು. 1949ರ ಎದುರಿಗೆ 'ತಿಳಿದಿಲ್ಲ' ಅಂತ ಇತ್ತು. ಗೆದ್ದವರು ಬದುಕಿದ್ದಾರೆ, ಮನೆಯಲ್ಲಿ ಕೂತಿದ್ದಾರೆ, ಪುಸ್ತಕದಲ್ಲಿ ತಿಳಿದಿಲ್ಲ! ಈ ಹಳಬರು ಪಟ್ಟು ಹಿಡಿದು ಅದನ್ನು ತಿದ್ದಿಸಿದ್ದು 1995ರಲ್ಲಿ. ಟ್ರೋಫಿ ಸಿಕ್ಕಿದ್ದು 2004ರಲ್ಲಿ, ಓಹಾಯೊದ ವಾಯುಪಡೆ ಮ್ಯೂಸಿಯಂ ಗೋದಾಮಿನಲ್ಲಿ. ಐವತ್ತೈದು ವರ್ಷ ಬೆಳ್ಳಿ ಕತ್ತಲೆಯಲ್ಲಿ ಕೂತಿತ್ತು. ಕದ್ದವರು ಯಾರೂ ಇಲ್ಲ, ಕೇಳುವವರು ಇರಲಿಲ್ಲ ಅಷ್ಟೇ.

ಹಾಗಂತ ನೆನಪು ಕಾಯುವವರು ಯಾವಾಗಲೂ ಸರಿ ಅಂತಲ್ಲ, ಅದನ್ನೂ ಹೇಳಬೇಕು. ಈ ಗ್ರೂಪಿನ ಬಗ್ಗೆ ದಶಕಗಳ ಕಾಲ ಒಂದು ಮಾತು ಓಡಾಡುತ್ತಿತ್ತು. ಇವರು ಕಾವಲು ಹೋದ ಒಂದೇ ಒಂದು ಬಾಂಬರನ್ನೂ ಶತ್ರುವಿನ ವಿಮಾನಕ್ಕೆ ಬಿಟ್ಟುಕೊಡಲಿಲ್ಲ ಅಂತ. 1945ರ ಮಾರ್ಚಿಯಲ್ಲಿ ಕಪ್ಪು ಜನರ ಪತ್ರಿಕೆ ಶಿಕಾಗೋ ಡಿಫೆಂಡರ್ ಹಾಗೆ ಬರೆಯಿತು, ಅಲ್ಲಿಂದ ಭಾಷಣಗಳಲ್ಲಿ, ಫಲಕಗಳಲ್ಲಿ ಎಲ್ಲ ಕಡೆ ಬಂತು. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ವಾಯುಪಡೆಯ ಇತಿಹಾಸಕಾರ ಡೇನಿಯಲ್ ಹಾಲ್ಮನ್ ಒಂದೊಂದೇ ದಿನದ ವರದಿ ತೆಗೆದು, ಯಾವ ಬಾಂಬರ್ ಎಲ್ಲಿ ಬಿತ್ತು, ಆಗ ಕಾವಲು ಯಾರು ಅಂತ ತಾಳೆ ಹಾಕಿ ನೋಡಿದರು. 27 ಬಾಂಬರ್ ಕಳೆದುಹೋಗಿದ್ದವು. ಹಳಬರಲ್ಲಿ ಕೆಲವರಿಗೆ ನೋವಾಯಿತು. ಆಗುವುದು ಸಹಜ, ಅರವತ್ತು ವರ್ಷ ಹೇಳಿಕೊಂಡು ಬಂದ ಮಾತು ಅದು. ಆದರೆ ಅದೇ ಲೆಕ್ಕದ ಇನ್ನೊಂದು ಭಾಗ ನೋಡಿ. ಅದೇ ಕೆಲಸ ಮಾಡಿದ ಬೇರೆ ಗ್ರೂಪುಗಳ ಸರಾಸರಿ 46. ಸೊನ್ನೆ ಅಂದರೆ ದೇವರ ಪವಾಡದ ಮಾತು, ನಂಬುವವರು ನಂಬುತ್ತಾರೆ, ಇಲ್ಲದವರು ನಗುತ್ತಾರೆ. 46ರ ಎದುರು 27 ಅಂದರೆ ಮನುಷ್ಯರು ಮಾಡಿದ ಕೆಲಸ. ಫಿಟ್ಟರ್ ಆಗಿ ಹೇಳುತ್ತೇನೆ, ನನಗೆ 27 ಜಾಸ್ತಿ ಇಷ್ಟ.

2007ರ ಮಾರ್ಚ್ 29ರಂದು ವಾಷಿಂಗ್ಟನ್‌ನ ಸಂಸತ್ ಭವನದಲ್ಲಿ ಟಸ್ಕೀಗಿಯವರಿಗೆಲ್ಲ ಸೇರಿಸಿ ಕಾಂಗ್ರೆಷನಲ್ ಚಿನ್ನದ ಪದಕ ಕೊಟ್ಟರು. ಬಂದಿದ್ದವರು ಸುಮಾರು ಮುನ್ನೂರು ಜನ. ಕೆಲವರು ಗಾಲಿಕುರ್ಚಿಯಲ್ಲಿ, ಕೆಲವರು ಕೋಲು ಹಿಡಿದು. ಅಂದು ಅಧ್ಯಕ್ಷ ಬುಷ್, ಯುದ್ಧ ಕಾಲದಲ್ಲಿ ಇವರು ಹೊಡೆದು ವಾಪಸ್ ಬಾರದ ಸೆಲ್ಯೂಟ್‌ಗಳ ಬದಲಿಗೆ ಅಂತ ಹೇಳಿ, ತಾವೇ ನಿಂತು ಸೆಲ್ಯೂಟ್ ಹೊಡೆದರು. ಅಧಿಕಾರಿಯಾಗಿದ್ದವರಿಗೆ ಅದು ಎಷ್ಟು ನಾಟುತ್ತದೆ ಅಂತ ಇಲ್ಲಿ ಕೂತವರಿಗೆ ಗೊತ್ತು. ಕೈ ಎತ್ತಿದಾಗ ಎದುರಿನವನು ಮುಖ ತಿರುಗಿಸಿ ಹೋದರೆ ಆ ಕೈಯನ್ನು ಎಲ್ಲಿ ಇಳಿಸುವುದು?

ಕೊನೆಯ ವರ್ಷಗಳಲ್ಲಿ ಮೆಕ್‌ಗೀ ವಾಷಿಂಗ್ಟನ್ ಪಕ್ಕದ ಬೆಥೆಸ್ಡಾದಲ್ಲಿದ್ದರು. ಫ್ರಾನ್ಸೆಸ್ 1994ರಲ್ಲೇ ಹೋಗಿದ್ದರು. ಇವರು ಶಾಲೆಗಳಿಗೆ, ಏರ್ ಶೋಗಳಿಗೆ ಹೋಗುತ್ತಲೇ ಇದ್ದರು. ಮಕ್ಕಳಿಗೆ ಹೇಳುತ್ತಿದ್ದದ್ದು ಇಂಗ್ಲಿಷಿನಲ್ಲಿ ಒಂದೇ ಅಕ್ಷರದಿಂದ ಶುರುವಾಗುವ ನಾಲ್ಕು ಮಾತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ನಿನಗೆ ಏನು ಬರುತ್ತದೆ ಅಂತ ಗುರುತಿಸಿಕೋ, ಅದಕ್ಕೆ ತಯಾರಾಗು, ಮಾಡಿ ತೋರಿಸು, ಅಡ್ಡಿ ಬಂತು ಅಂತ ಬಿಟ್ಟು ಓಡಬೇಡ. ನಿಜ ಹೇಳಬೇಕೆಂದರೆ, ಇಂಥ ನಾಲ್ಕು ಮಾತುಗಳ ಸೂತ್ರ ಕೇಳಿದರೆ ನನಗೆ ಆಕಳಿಕೆ ಬರುತ್ತದೆ. ಆದರೆ ರೈಲಿನ ಡಬ್ಬಿ ಬದಲಿಸಿದವರ ಬಾಯಲ್ಲಿ ಬಂದಾಗ ಸುಮ್ಮನಾಗುತ್ತೇನೆ.

ನೂರು ತುಂಬಿದಾಗ, 2019ರ ಡಿಸೆಂಬರ್‌ನಲ್ಲಿ, ಒಂದು ಪುಟ್ಟ ಜೆಟ್ಟಿನಲ್ಲಿ ಪಕ್ಕದಲ್ಲಿ ಇನ್ನೊಬ್ಬ ಪೈಲಟ್ ಕೂತು, ಇವರು ಕಂಟ್ರೋಲ್ ಹಿಡಿದು ಡೋವರ್ ವಾಯುನೆಲೆಗೆ ಹಾರಿಸಿಕೊಂಡು ಹೋದರು. ನೆಲೆಯ ಹುಡುಗ ಹುಡುಗಿಯರು ಸಾಲಾಗಿ ನಿಂತು ಸ್ವಾಗತಿಸಿದರು. 2020ರ ಫೆಬ್ರವರಿಯಲ್ಲಿ ಅವರ ದೇಶದ ಅತಿ ದೊಡ್ಡ ಫುಟ್‌ಬಾಲ್ ಪಂದ್ಯ ಸೂಪರ್ ಬೌಲ್ ಶುರುವಾಗುವಾಗ ನಾಣ್ಯ ಚಿಮ್ಮಿಸಲು ಕರೆಸಿದ ನಾಲ್ವರು ನೂರು ವರ್ಷದ ಯೋಧರಲ್ಲಿ ಇವರೂ ಇದ್ದರು. ಅದಾದ ಎರಡೇ ದಿನಕ್ಕೆ, ಫೆಬ್ರವರಿ 4ರಂದು, ಬ್ರಿಗೇಡಿಯರ್ ಜನರಲ್ ಎಂಬ ಗೌರವ ಪದವಿ. ಅಧ್ಯಕ್ಷರೇ ಹೆಗಲಿಗೆ ನಕ್ಷತ್ರ ಚುಚ್ಚಿದರು. ಸಂಜೆ ಸಂಸತ್ತಿನಲ್ಲಿ ಎಲ್ಲರೂ ಎದ್ದು ನಿಂತರು. 1925ರ ವರದಿಯ ಪ್ರಕಾರ ಬುದ್ಧಿ ಧೈರ್ಯ ಎರಡೂ ಇಲ್ಲದ ಮನುಷ್ಯ.

2022ರ ಜನವರಿ 16ರಂದು ನಿದ್ದೆಯಲ್ಲೇ ಹೋದರು. ಬಲಗೈ ಎದೆ ಮೇಲೆ ಇತ್ತು, ಮುಖದಲ್ಲಿ ನಗು ಇತ್ತು ಅಂತ ಮನೆಯವರು ಹೇಳಿದರು. ಅರ್ಲಿಂಗ್ಟನ್ ಸೈನಿಕ ಸ್ಮಶಾನದಲ್ಲಿ ಮಣ್ಣು ಮಾಡಿದರು.

ನನ್ನ ಮಾತು ಅಲ್ಲಿಗೆ ಮುಗಿದಿತ್ತು. ಪ್ರಶ್ನೆ ಇದ್ದರೆ ಕೇಳಿ ಅಂದೆ. ಒಬ್ಬರು ಪದಕಕ್ಕೆ ದುಡ್ಡು ಎಷ್ಟು ಬರುತ್ತದೆ ಅಂತ ಕೇಳಿದರು, ಎಲ್ಲರೂ ನಕ್ಕರು. ಇನ್ನೊಬ್ಬರು, ಅಷ್ಟೆಲ್ಲ ಅವಮಾನ ಆದ ಮೇಲೂ ಸಿಟ್ಟು ಇರಲಿಲ್ವಾ ಅಂದರು. ಸಿಟ್ಟಿನ ಬಗ್ಗೆ ನನಗೆ ಗೊತ್ತಿರುವುದು ಇಷ್ಟೇ, ಅದನ್ನು ಅವರು ಪಟ್ಟಿ ಮಾಡುವ ಕೆಲಸಕ್ಕೆ ಹಚ್ಚಿದರು ಅಂತ ನಾನು ಅಂದುಕೊಂಡಿದ್ದೇನೆ ಎಂದೆ.

ಕೊನೆಯ ಸಾಲಿನಲ್ಲಿ ಒಬ್ಬರು ಹಿರಿಯರು ಕೂತಿದ್ದರು. ಸೈನ್ಯದ ಯಂತ್ರ ರಿಪೇರಿ ದಳ ಇಎಂಇಯಲ್ಲಿ ಹವಾಲ್ದಾರ್ ಆಗಿದ್ದವರು, ಟ್ಯಾಂಕ್ ಎಂಜಿನ್ ಬಿಚ್ಚಿ ಜೋಡಿಸಿ ಇಪ್ಪತ್ತು ವರ್ಷ ಕಳೆದವರು. ಅವರು ನಿಧಾನವಾಗಿ ಎದ್ದು, "ಆ ಬೆಕ್ಕಿನ ಮರಿ ಹೆಸರಿಗೆ ಇನ್ನೊಂದು ಕಾರಣ ಇದೆ ಅಂದ್ರಲ್ಲ ಸರ್, ಮರೆತ್ರಾ?" ಅಂದರು.

ನಿಜವಾಗಿಯೂ ಮರೆತಿದ್ದೆ. ಕಾರಣ ಎಂಜಿನ್ನು ಎಂದೆ. ಆ ವಿಮಾನದ ಕ್ರೂ ಚೀಫ್, ಅಂದರೆ ನಮ್ಮ ಹಾಗೆ ನೆಲದ ಮೇಲಿನವರು, ಎಂಜಿನ್ನನ್ನು ಎಷ್ಟು ನಯವಾಗಿ ಇಟ್ಟಿದ್ದರು ಎಂದರೆ ಅದು ಬೆಕ್ಕಿನ ಮರಿಯ ಹಾಗೆ ಗುರುಗುರು ಅನ್ನುತ್ತಿತ್ತು. ಹೆಂಡತಿಯ ಹೆಸರು, ಎಂಜಿನ್ನಿನ ಸದ್ದು, ಎರಡೂ ಸೇರಿ ಕಿಟನ್. ವಯಸ್ಸಾದ ಮೇಲೂ ಮೆಕ್‌ಗೀ ಈ ಕಥೆ ಹೇಳುವಾಗ ಆ ಕ್ರೂ ಚೀಫ್ ಹೆಸರು ಹೇಳುತ್ತಿದ್ದರು.

"ಏನು ಅವರ ಹೆಸರು?"

"ನಥಾನಿಯಲ್ ವಿಲ್ಸನ್."

ಹಿರಿಯರು ಜೇಬಿನಿಂದ ಸಣ್ಣ ಡೈರಿ ತೆಗೆದು, ಪಕ್ಕದವರ ಹತ್ತಿರ ಪೆನ್ನು ಇಸಿದುಕೊಂಡು ಬರೆದುಕೊಂಡರು. ಇನ್ನೊಂದು ಸಲ ಹೇಳಿ ಅಂದರು. ಹೇಳಿದೆ.